ಬೋಂಡಾ ಕುಲಾವಿ

ಕೆಲವರ ಜಾತಕದಲ್ಲಿ ರಾಜಯೋಗ ಇರುತ್ತಂತೆ, ಕೆಲವರದ್ದರಲ್ಲಿ ಗಜಕೇಸರಿ ಯೋಗ. ನನ್ನದರಲ್ಲಿ ಇರೋದು ಎಡವಟ್ಟು ಯೋಗ. ನಾನು ಬಾಯಿ ಮುಚ್ಕೊಂಡು ಮೂಲೆಯಲ್ಲಿ ಕೂತಿದ್ರೂ ಅದು ವಿಳಾಸ ಕೇಳ್ಕೊಂಡು ಬಂದು ಬಾಗಿಲು ತಟ್ಟುತ್ತೆ.

ಹತ್ತನೇ ಕ್ಲಾಸಲ್ಲಿ ಗಣಿತ ನನ್ನ ಕೈ ಬಿಡ್ತು, ನಾನು ಸ್ಕೂಲಿನ ಕೈ ಬಿಟ್ಟೆ. ಈಗ ನೆಲಮಂಗಲದ ಒಂದು ಗೋಡೌನಲ್ಲಿ ರಟ್ಟಿನ ಡಬ್ಬಗಳಿಗೆ ಚೀಟಿ ಅಂಟಿಸ್ತೀನಿ. ಮೊನ್ನೆ ಬೆಳಗ್ಗೆ ಬಸ್ಸಲ್ಲಿ ಮುಂದಿನ ಸೀಟಿನ ಹೆಂಗಸಿನ ಹೆಗಲ ಮೇಲೆ ಒಂದು ಮಗು ಇತ್ತು. ಅದರ ತಲೆಗೆ ಕೈಯಲ್ಲಿ ಹೆಣೆದ ಉಲ್ಲನ್ ಕುಲಾವಿ, ಗಲ್ಲದ ಕೆಳಗೆ ದಾರದ ಗಂಟು. ಅದು ನನ್ನನ್ನ ನೋಡಿ ಬೊಚ್ಚುಬಾಯಿ ಬಿಡ್ತು. ನಂಗೆ ನಮ್ಮೂರು, ಉಲ್ಲನ್ ಆಂಟಿ ಜಗಲಿ, ಆ ಚಳಿಗಾಲ, ಎಲ್ಲಾ ಒಟ್ಟಿಗೆ ನೆನಪಾಗಿ ಒಬ್ಬನೇ ಜೋರಾಗಿ ನಕ್ಕೆ. ಪಕ್ಕದಲ್ಲಿದ್ದವರು ಕಾಲ ಹತ್ರ ಇಟ್ಟಿದ್ದ ಬ್ಯಾಗನ್ನ ಎತ್ತಿ ತೊಡೆ ಮೇಲಿಟ್ಕೊಂಡ್ರು.

ಮೈಕ್ ಸಿಕ್ಕಿದ್ದೇ ತಪ್ಪಾಯ್ತು

ಕಥೆ ಶುರುವಾಗಿದ್ದು ಅಕ್ಕನ ಮದುವೆಯಲ್ಲಿ. ಹೊಸಕೋಟೆ ಛತ್ರ. ಗಂಡಿನ ಕಡೆಯವರು ಊಟಕ್ಕೆ ಕೂತಿದ್ದಾರೆ, ಒಬ್ಬಟ್ಟಿನ ಮೇಲೆ ತುಪ್ಪ ಬೀಳ್ತಾ ಇದೆ. ಅಷ್ಟರಲ್ಲಿ ವಾಲಗದವರು ಊಟಕ್ಕೆ ಎದ್ದು ಹೋದ್ರು, ಮೈಕ್ ಅನಾಥವಾಗಿ ಬಿದ್ದಿತ್ತು. ಅನಾಥ ವಸ್ತು ಕಂಡ್ರೆ ನಂಗೆ ಕನಿಕರ ಜಾಸ್ತಿ.

"ಗಂಡಿನ ಕಡೆಯವರ ಗಮನಕ್ಕೆ. ನೆಲಮಂಗಲದಿಂದ ಬಂದಿರೋ ಬಸ್ಸು ಹೊರಡ್ತಾ ಇದೆ, ದಯಮಾಡಿ ಬೇಗ ಬಂದು ಹತ್ಕೊಳ್ಳಿ."

ಇಡೀ ಪಂಕ್ತಿ ಎದ್ದು ಓಡ್ತು. ಎಲ್ಲರಿಗಿಂತ ಮುಂದೆ ಅಕ್ಕನ ಅತ್ತೆ, ಎಂಜಲು ಕೈಯಲ್ಲಿ ಅರ್ಧ ಒಬ್ಬಟ್ಟು. ಗೇಟಿನ ಹತ್ರ ಹೋಗಿ ನೋಡಿದ್ರೆ ಬಸ್ಸು ನೆರಳಲ್ಲಿ ನಿದ್ದೆ ಹೊಡೀತಿದೆ. ಡ್ರೈವರ್ ಇವರ ಎದುರಿನ ಸಾಲಲ್ಲೇ ಕೂತು ಅನ್ನಕ್ಕೆ ಸಾರು ಕಲಸ್ತಿದ್ದ. ವಾಪಸ್ ಬರೋ ಹೊತ್ತಿಗೆ ಅವರ ಎಲೆ ಎತ್ತಿಬಿಟ್ಟಿದ್ರು. ಉಂಡ ಎಲೆಯನ್ನ ಜನ ಮರೀತಾರೆ, ಅರ್ಧಕ್ಕೆ ಎತ್ತಿದ ಎಲೆಯನ್ನ ಯಾರೂ ಮರೆಯಲ್ಲ.

ಅಕ್ಕಂಗೆ ಗಂಡುಮಗು ಆಯ್ತು. ಸಂಕ್ರಾಂತಿ ಕಳೆದ ಮೇಲೆ ಮನೆದೇವರ ಬೆಟ್ಟದಲ್ಲಿ ಮುಡಿ ತೆಗೆಸೋದು ಅಂತ ನಿಶ್ಚಯ ಮಾಡಿದ್ರು. ನಮ್ಮ ಕಡೆ ಮುಡಿ ತೆಗೆಯೋವಾಗ ಮಗು ಸೋದರಮಾವನ ತೊಡೆ ಮೇಲೆ ಕೂರಬೇಕು. ಸ್ವಂತ ಸೋದರಮಾವ ಅಂತ ಭೂಮಿ ಮೇಲಿರೋದು ನಾನೊಬ್ಬನೇ. ಅಕ್ಕ ತಾಯಿಯಾದ ದಿನದಿಂದ ನಾನು ಆ ತೊಡೆನ ರೆಡಿ ಮಾಡ್ಕೊಂಡು ಕೂತಿದ್ದೆ.

ಅತ್ತೆ ಖಡಾಖಂಡಿತವಾಗಿ ಹೇಳಿದ್ರಂತೆ: "ಪಕ್ಕದಲ್ಲಿ ಕತ್ತಿ ಹಿಡಿದವನು, ಮಗು ಆ ಕೋತಿ ತೊಡೆ ಮೇಲೆ! ಬೇಡಮ್ಮಾ. ನಿಮ್ಮ ದೊಡ್ಡಪ್ಪನ ಮಗ ಬ್ಯಾಂಕಲ್ಲಿದ್ದಾನಲ್ಲ, ಗಂಭೀರವಾದ ಹುಡುಗ, ಅವನು ಕೂತ್ಕೊಳ್ಳಲಿ."

ಅಕ್ಕಂಗೆ ರೋಷ ಬಂದು, "ನನ್ನ ತಮ್ಮಂಗೂ ತಾಳ್ಮೆ ಇದೆ ಅತ್ತೆ. ಮುಡಿ ಕೊಟ್ಟ ಮೇಲೆ ಮಗು ತಲೆಗೆ ಹಾಕೋ ಕುಲಾವಿನ ಅವನೇ ಕೈಯಾರೆ ಹೆಣ್ಕೊಂಡು ಬರ್ತಾನೆ" ಅಂದುಬಿಟ್ಟಿದ್ದಾಳೆ.

"ಅವನಾ? ಸರಿ. ಬೋಂಡಾ ಬೋಂಡಾ ಥರ ಉಬ್ಬುಬ್ಬಾಗಿ ಬರುತ್ತಲ್ಲ, ಆ ಹೆಣಿಗೆ ಹಾಕ್ಕೊಂಡು ಬರ್ಲಿ. ಅವನ ತೊಡೆ ಮೇಲೇ ಕೂರಿಸ್ತೀನಿ. ಅಂಗಡೀದು ತಂದ್ರೆ ನಂಗೆ ಗೊತ್ತಾಗುತ್ತೆ."

ಅಕ್ಕ ತಕ್ಷಣ ನಂಗೆ ಫೋನ್ ಮಾಡಿದ್ಳು. "ಲೋ, ನಿಂಗೆ ಕ್ರೋಶಾ ಚೆನ್ನಾಗಿ ಬರುತ್ತೆ ಅಂತ ಹೇಳ್ಬಿಟ್ಟಿದೀನಿ ಕಣೋ. ನನ್ನ ಮಾನ ನಿನ್ನ ಕೈಲಿದೆ."

ನಾನು ಕೇಳ್ದೆ: "ಆಯ್ತಕ್ಕಾ. ಕ್ರೋಶಾ ಅಂದ್ರೆ ಯಾರು?"

ಜಗಲಿ ಎದ್ದು ನಿಂತಿದ್ದು

ನಮ್ಮೂರು ನಂದಗುಡಿ ಕಡೆ. ಅಲ್ಲಿ ಉಲ್ಲನ್ ಆಂಟಿ ಅಂತ ಒಬ್ಬರಿದ್ರು. ಮಧ್ಯಾಹ್ನದ ಮುದ್ದೆ ಊಟ ಮುಗಿದ ಮೇಲೆ ಅವರ ಜಗಲಿ ಮೇಲೆ ನಾಲ್ಕೈದು ಹೆಂಗಸರು ಸೇರೋರು. ಕೆಲವರು ಸೀರೆ ಸೆರಗಿಗೆ ಕುಚ್ಚು ಹಾಕೋರು, ಕೆಲವರು ಬಾಗಿಲಿಗೆ ತೋರಣ. ಮಡಿಲಲ್ಲಿ ಉಲ್ಲನ್ ಉಂಡೆ, ಮಧ್ಯದಲ್ಲಿ ಬಿಡಿಸೋಕೆ ಅಂತ ಒಂದು ಮೊರ ಅವರೆಕಾಯಿ, ಬಾಯಲ್ಲಿ ಊರ ಸುದ್ದಿ. ಅವರೆಕಾಯಿ ಸೊಗಡಿಗೆ ಬಿಸಿಲೂ ಬೆರೆತು ಒಂಥರಾ ನಿದ್ದೆ ಬರೋ ವಾಸನೆ. ಆ ಜಗಲಿ ಈಗಿಲ್ಲ, ಒಡೆದು ಶಟರ್ ಹಾಕಿ ಅಂಗಡಿ ಮಾಡಿದ್ದಾರೆ. ಅದರ ಮುಂದೆ ಹಾದು ಹೋದ್ರೆ ಇವತ್ತಿಗೂ ನನ್ನ ಕಾಲು ತಾನಾಗೇ ನಿಧಾನ ಆಗುತ್ತೆ.

ನಾನು ಹೋಗಿ ಜಗಲಿ ಹತ್ತಿದಾಗ ಆಂಟಿ ಕೇಳಿದ್ರು, "ಏನಪ್ಪಾ, ಯಾರ ಮನೆ ಕೋಳಿ ಕದ್ದು ಇಲ್ಲಿ ಬಚ್ಚಿಟ್ಕೊಳ್ಳೋಕೆ ಬಂದೆ?"

ವಿಷಯ ಹೇಳಿದೆ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ತುದಿಯಲ್ಲಿ ಕೊಕ್ಕೆ ಇರೋ ಒಂದು ಕಡ್ಡಿ ಕೊಟ್ಟು, "ಮೊದ್ಲು ಚೈನು. ದಾರ ಕೊಕ್ಕೆಗೆ ಸಿಗಿಸ್ಕೋ, ಕುಣಿಕೆಯೊಳಗಿಂದ ಎಳ್ಕೋ. ಮತ್ತೆ ಸಿಗಿಸು, ಮತ್ತೆ ಎಳಿ. ಸಮವಾಗಿ ಬರೋವರೆಗೂ ಬೋಂಡಾ ಹೆಸರು ಎತ್ತಬೇಡ" ಅಂದ್ರು.

ಎಳೆದೆ. ಎಳೀತಾನೇ ಇದ್ದೆ. ಮೊದಮೊದಲು ನನ್ನ ಚೈನು ಇಲಿ ಕಡಿದ ಹಗ್ಗದ ಥರ ಇತ್ತು. ದಿನ ಕಳೆದ ಹಾಗೆ ಕೈ ತಾನಾಗೇ ಓಡೋಕೆ ಶುರುವಾಯ್ತು. ಕೈಗೆ ಕೆಲಸ ಅಭ್ಯಾಸ ಆದ್ರೆ ತಲೆ ಖಾಲಿ ಆಗುತ್ತೆ. ನನ್ನ ತಲೆ ಖಾಲಿ ಆಗಬಾರದು, ಅದು ಊರಿಗೆ ಒಳ್ಳೇದಲ್ಲ.

ಅವತ್ತು ಹೆಂಗಸರೆಲ್ಲ ಯಾವುದೋ ಮನೆ ಸೊಸೆ ಸುದ್ದಿಯಲ್ಲಿ ಮುಳುಗಿದ್ರು. ನಾನು ಚೈನು ಹಾಕ್ತಾ ಹಾಕ್ತಾ ಅದನ್ನ ಒಬ್ಬರ ಸೆರಗಿನ ಕುಚ್ಚಿಂದ ಇನ್ನೊಬ್ಬರ ಕುಚ್ಚಿಗೆ, ಅಲ್ಲಿಂದ ಮತ್ತೊಬ್ಬರದ್ದಕ್ಕೆ ಸಿಗಿಸ್ಕೊಂಡು ಹೋದೆ. ಕೊನೆ ತುದಿನ ಅವರೆಕಾಯಿ ಮೊರಕ್ಕೆ ಕಟ್ಟಿದೆ. ಸಂಜೆ ಡೈರಿ ಗಂಟೆ ಹೊಡೀತು. ಹಾಲು ಅಳೆಯೋ ಗಂಟೆ ಕೇಳಿದ್ರೆ ನಮ್ಮೂರ ಹೆಂಗಸರು ಸತ್ತ ಮನೇಲಿದ್ರೂ ಎದ್ದು ಓಡ್ತಾರೆ. ಎಲ್ಲರೂ ಒಟ್ಟಿಗೆ ಎದ್ರು. ಒಬ್ಬರು ಬಲಕ್ಕೆ, ಇಬ್ಬರು ಎಡಕ್ಕೆ, ಮೊರ ಆಕಾಶಕ್ಕೆ. ಅವರೆಕಾಳಿನ ಮಳೆ ಬಿತ್ತು.

ನಾನು ಆಗಲೇ ಬೇಲಿ ಆಚೆ ಇದ್ದೆ. ಆಂಟಿ ಜಗಲಿ ಮೇಲಿಂದಲೇ ಆ ಚೈನನ್ನ ಬೆಳಕಿಗೆ ಹಿಡಿದು, ಈ ತುದಿಯಿಂದ ಆ ತುದಿವರೆಗೂ ಬೆರಳಾಡಿಸಿ ನೋಡಿದ್ರು. ಎಲ್ಲೂ ಬಿಗಿ ಇಲ್ಲ, ಎಲ್ಲೂ ಸಡಿಲ ಇಲ್ಲ.

"ಚೈನು ಪಾಸು ಕಣೋ ಮುಂಡೇದೆ!" ಅಂತ ಕೂಗಿದ್ರು. "ನಾಳೆಯಿಂದ ಬೋಂಡಾ. ಇವತ್ತು ಬಂದು ಅವರೆಕಾಳು ಆಯಿ."

ಅಜ್ಜಿ ಕಿತ್ತ ಉಣ್ಣಿ

ಬೋಂಡಾ ಹೆಣಿಗೆ ಹೇಳೋಕೆ ಸುಲಭ. ಒಂದೇ ತೂತಿಗೆ ಐದು ಸಲ ಕಡ್ಡಿ ಹಾಕಿ, ಐದನ್ನೂ ಅರ್ಧರ್ಧ ಹೆಣೆದು ಕಡ್ಡಿ ಮೇಲೇ ಬಿಡೋದು. ಕೊನೆಗೆ ಒಂದೇ ಏಟಿಗೆ ದಾರನ ಎಲ್ಲದರೊಳಗಿಂದ ಎಳೆದು ಬಾಯಿ ಮುಚ್ಚಿಬಿಡೋದು. ಇಕ್ಕಟ್ಟಾಗಿ ಅದು ಪುಸಕ್ಕನೆ ಉಬ್ಬುತ್ತೆ. ಆಂಟಿ ಭಾಷೇಲಿ ಹೇಳಬೇಕು ಅಂದ್ರೆ, "ಚಿಕ್ಕ ರೂಮಲ್ಲಿ ಐದು ಜನ ನೆಂಟರನ್ನ ತುಂಬಿ ಬಾಗಿಲು ಹಾಕೋದು. ಗೋಡೆ ಉಬ್ಬಲೇಬೇಕು."

ಆಂಟಿ ಜಗಲಿಯಲ್ಲಿ ಸಣ್ಣ ಪಟ್ಟಿ ಹಾಕಿದಾಗ ಬಂದ ಬೋಂಡಾ ನಮ್ಮನೇಲಿ ಬರ್ಲಿಲ್ಲ. ಹಳದಿ ಉಲ್ಲನ್ನಲ್ಲಿ ನೆತ್ತಿಯಿಂದ ಶುರು ಮಾಡಿ ಸುತ್ತ ಸುತ್ತ ಹೆಣ್ಕೊಂಡು ಬಂದೆ. ಸರಿಯಾಗಿ ಐದು ಸಲ ಹಾಕಿದೀನಿ, ಬಾಯಿ ಮುಚ್ಚಿದೀನಿ. ಹೊರಗಿಂದ ನೋಡಿದ್ರೆ ಸಿಮೆಂಟ್ ಸವರಿದ ಹಾಗೆ ನುಣ್ಣಗೆ. ಬಿಚ್ಚಿದೆ, ಹೆಣೆದೆ, ಮತ್ತೆ ನುಣ್ಣಗೆ. ರೇಗಿ ಹೋಗಿ ಕುಲಾವಿನ ಅಜ್ಜಿ ಮಂಚದ ಮೇಲೆ ಎಸೆದು ಕ್ರಿಕೆಟ್ ಆಡೋಕೆ ಹೋದೆ.

ನಮ್ಮಜ್ಜಿಗೆ ಕಣ್ಣು ಮಂಜು. ಆದ್ರೆ ಬೆರಳಿಗೆ ಕಣ್ಣಿದೆ. ಸಂಜೆ ಹೊತ್ತು ಕೊಟ್ಟಿಗೆಯಲ್ಲಿ ಕೂತು ಹಸುವಿನ ಕಿವಿಯೊಳಗೆ ಬೆರಳು ಹಾಕಿ ತಡಕಿ ತಡಕಿ ಉಣ್ಣಿ ಕೀಳೋದು, ಕಿತ್ತಿದ್ದನ್ನ ಒಲೆ ಕೆಂಡಕ್ಕೆ ಹಾಕೋದು, ಅದೇ ಅವರ ಟೈಮ್‌ಪಾಸು.

ನಾನು ವಾಪಸ್ ಬಂದಾಗ ಮನೆಯೆಲ್ಲ ಸುಟ್ಟ ವಾಸನೆ. ಅಜ್ಜಿ ಒಲೆ ಮುಂದೆ ಕುಲಾವಿಯೊಳಗೆ ಕೈ ತೂರಿಸಿ ಕೂತು ಬೈತಿದ್ದಾರೆ. "ಏನು ಕಾಲ ಬಂತಪ್ಪಾ! ಹಸೂಗೆ ಆಯ್ತು, ಕರೂಗೆ ಆಯ್ತು, ಈಗ ಮಗು ಕುಲಾವಿಗೂ ಉಣ್ಣಿ ಹತ್ಕೊಂಡಿದಾವೆ! ಒಂದೊಂದೂ ರಕ್ತ ಕುಡಿದು ಹೆಂಗೆ ಉಬ್ಬಿದಾವೆ ನೋಡ್ಲಾ. ಎಷ್ಟು ಎಳೆದ್ರೂ ಬರಲ್ಲ, ಉಗುರು ಹಾಕಿ ಕಿತ್ತೆ."

"ಅಯ್ಯೋ ಅಜ್ಜಿ, ಅದು ಉಣ್ಣಿ ಅಲ್ಲ, ನನ್ನ ಬೋಂಡಾ!" ಅಂತ ಕಿತ್ಕೊಂಡೆ. ಒಂದು ಸುತ್ತಿನ ಬೋಂಡಾ ಪೂರ್ತಿ ಬೆಂದು ಹೋಗಿತ್ತು. ಕುಲಾವಿಯ ಒಳಗಡೆ ತಿರುಗಿಸಿ ನೋಡಿದೆ. ಉಳಿದ ಬೋಂಡಾ ಎಲ್ಲಾ ಅಲ್ಲೇ ಸಾಲಾಗಿ ಕೂತಿದ್ವು! ಹೆಣೆಯೋವಾಗ ನನ್ನ ಕಡೆ ಇರೋದು ನುಣ್ಣಗೇ ಇರುತ್ತೆ, ಬೋಂಡಾ ಆ ಕಡೆಗೆ ಉಬ್ಬುತ್ತೆ. ಮುಗಿದ ಮೇಲೆ ಒಳಗನ್ನ ಹೊರಗೆ ಮಗುಚಬೇಕು, ಅಷ್ಟೇ. ನಾನು ಇರೋ ಬೋಂಡಾನ ಬಿಚ್ಚಿ ಬಿಚ್ಚಿ ಹುಡುಕಿದ್ದೆ.

ಮತ್ತೆ ಮೊದಲಿಂದ ಹೆಣೀಬೇಕಲ್ಲಾ ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತ್ರೆ, ಅಜ್ಜಿ ಸೆರಗಲ್ಲಿ ಕೈ ಒರೆಸ್ಕೊಂಡು ಹೇಳಿದ್ರು: "ಬೈಬೇಡ ಕಣ್ಲಾ. ನಾನು ಕೀಳ್ದೆ ಹೋಗಿದ್ರೆ ಅವು ಎಲ್ಲಿದಾವೆ ಅಂತಾನೇ ನಿಂಗೆ ಗೊತ್ತಾಗ್ತಿರ್ಲಿಲ್ಲ."

ಕೈ ಚಾಚಿದವನು

ಮೈದಾನದಲ್ಲಿ ಬಾಲ್ ಹಿಡಿಯೋಕೆ ಬಗ್ಗಿದಾಗ ಜೇಬಿಂದ ಕ್ರೋಶಾ ಕಡ್ಡಿ ಬಿತ್ತು. ಕೀಪಿಂಗ್ ಮಾಡ್ತಿದ್ದ ಗೆಳೆಯ ಎತ್ಕೊಂಡು, "ಏನ್ ಗುರು ಇದು, ಕಿವಿ ಗುಗ್ಗೆ ತೆಗೆಯೋದಾ?" ಅಂದ. ನಿಜ ಗೊತ್ತಾದ ಮೇಲೆ ಆಟ ನಿಲ್ಲಿಸಿ ನಕ್ಕ. "ಲೇ, ನೋಡ್ರೋ, ನಮ್ಮ ಓಪನಿಂಗ್ ಬ್ಯಾಟ್ಸ್‌ಮನ್ ಕುಲಾವಿ ಹಾಕ್ತಾನಂತೆ!"

ನಾನು ನಿಧಾನಕ್ಕೆ ಅವನ ಹೆಗಲ ಮೇಲೆ ಕೈ ಹಾಕಿ, "ನಗು ಮಗಾ. ಆ ಜಗಲಿಗೆ ದಿನಾ ಕಾಲೇಜಿನ ಹುಡುಗೀರು ಬರ್ತಾರೆ. ಯಾರಿಗೂ ಹೇಳಬೇಡ" ಅಂದೆ.

ಮಾರನೇ ದಿನ ಅವನು ಪೌಡರ್ ಹಾಕ್ಕೊಂಡು, ಕೂದಲು ಬಾಚ್ಕೊಂಡು ಜಗಲಿಗೆ ಹಾಜರ್. ಆಂಟಿಗೆ ಅದೇ ಬೇಕಾಗಿತ್ತು. ಲಡಿ ಲಡಿ ಉಲ್ಲನ್ ಬಿಡಿಸಿ ಉಂಡೆ ಸುತ್ತಬೇಕಲ್ಲ, ಅದಕ್ಕೆ ಒಬ್ಬರು ಎರಡೂ ಕೈ ಚಾಚಿ ನಿಲ್ಲಬೇಕು. ಇವನ ಕೈಗೆ ಲಡಿ ತೊಡಿಸಿ, "ಅಲ್ಲಾಡಬೇಡ, ಗಂಟಾಗುತ್ತೆ" ಅಂದ್ರು. ಮೂಗಿನ ಮೇಲೆ ನೊಣ ಕೂತ್ಕೊಂಡ್ತು. ಊದಿದ, ಹೋಗ್ಲಿಲ್ಲ. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡ್ಕೊಂಡು ಬಂದವರು ಹುಡುಗಿ ಅಲ್ಲ, ಇವನಮ್ಮ. ಮೂರು ದಿನದಿಂದ ಕೈಗೆ ಸಿಗದೆ ತಪ್ಪಿಸ್ಕೊಂಡು ಓಡಾಡ್ತಿದ್ದ ಮಗ, ಕೈ ಕಟ್ಟಿಸ್ಕೊಂಡು ಎದುರಿಗೇ ನಿಂತಿದ್ದಾನೆ!

ಅವರು ಕ್ಯಾನು ಕೆಳಗಿಟ್ಟು, ಸೆರಗು ಸಿಗಿಸ್ಕೊಂಡು ಕೇಳಿದ್ದು ಒಂದೇ ಮಾತು: "ಆಂಟಿ, ಇನ್ನೂ ಎಷ್ಟು ಲಡಿ ಬಾಕಿ ಇದೆ?"

ಬೆಳೆಯೋ ಮಗು

ಸುಗ್ಗಿ ಮುಗಿಯೋ ಹೊತ್ತಿಗೆ ಕುಲಾವಿನೂ ಮುಗೀತು. ಹಳದಿ ಮೈ, ಕೆಂಪು ಅಂಚು, ಸುತ್ತ ಬೋಂಡಾ. ಆಂಟಿ ಹತ್ರ ಒಯ್ದು ತೋರಿಸಿದೆ. ಅವರು ಬೆರಳಲ್ಲಿ ಒತ್ತಿ ನೋಡಿ, "ಎಣ್ಣೆ ಒಂದು ಸುರಿದಿಲ್ಲ, ಮಿಕ್ಕಿದ್ದೆಲ್ಲ ಬೋಂಡಾನೇ" ಅಂದ್ರು. ಅವರ ಬಾಯಿಂದ ಹೊಗಳಿಕೆ ಅಂದ್ರೆ ಅಷ್ಟೇ. ನಂಗೆ ಹತ್ತನೇ ಕ್ಲಾಸು ಪಾಸಾದಷ್ಟು ಖುಷಿ ಆಯ್ತು, ಅದು ಹೆಂಗಿರುತ್ತೋ ಗೊತ್ತಿಲ್ಲ.

ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ಅಮ್ಮ ಹಿಗ್ಗಿ ಹೀರೇಕಾಯಿ ಆದ್ರು. ಆಮೇಲೆ ತಲೆ ಓರೆ ಮಾಡಿ, "ಚೆನ್ನಾಗಿದೆ. ಆದ್ರೆ ಬೆಳೆಯೋ ಮಗು ಕಣೋ, ಒಂದು ಚೂರು ದೊಡ್ಡದು ಮಾಡು" ಅಂದ್ರು.

ನಮ್ಮ ಕಡೆ ಇದು ವೇದವಾಕ್ಯ. ನಂಗೆ ಒಂದನೇ ಕ್ಲಾಸಿಗೆ ಹೊಲಿಸಿದ ಚಡ್ಡಿ ಮೂರನೇ ಕ್ಲಾಸಲ್ಲಿ ಸೊಂಟಕ್ಕೆ ನಿಂತಿದ್ದು. ನಮ್ಮೂರಲ್ಲಿ ಯಾವ ಮಗೂಗೂ ಅವತ್ತಿನ ಅಳತೆ ಬಟ್ಟೆ ತಂದ ಚರಿತ್ರೆ ಇಲ್ಲ. ಸರಿ, ಬಿಚ್ಚಿದೆ. ನೆತ್ತಿ ಸುತ್ತನ್ನ ಅಗಲ ಮಾಡಿ ಮತ್ತೆ ಹೆಣೆದೆ.

ಅಜ್ಜಿ ತಡವಿ ನೋಡಿ, "ಬೆಳೆಯೋ ಮಗು ಕಣ್ಲಾ, ವರ್ಷ ತುಂಬಿದ ಮೇಲೂ ಆಗ್ಬೇಕಲ್ಲ" ಅಂದ್ರು. ಬಿಚ್ಚಿದೆ.

ಅಪ್ಪ ಯಾವತ್ತೂ ನನ್ನ ಕೆಲಸದ ಬಗ್ಗೆ ಬಾಯಿ ಬಿಟ್ಟೋರಲ್ಲ. ಅವತ್ತು ಟೀ ಕುಡೀತಾ ಕುಲಾವಿ ಕಡೆ ನೋಡಿ ಕೆಮ್ಮಿದ್ರು. "ಬೆಳೆಯೋ ಮಗು" ಅಂದ್ರು. ಅಪ್ಪ ನನ್ನ ಜೊತೆ ಮಾತಾಡಿದ್ರು ಅನ್ನೋ ಸಂತೋಷಕ್ಕೆ ಎರಡು ಪಟ್ಟು ದೊಡ್ಡದು ಮಾಡಿದೆ.

ಮುಡಿಯ ಹಿಂದಿನ ದಿನ ಉಲ್ಲನ್ ಸಾಲದೆ ಆಂಟಿ ಹತ್ರ ಇನ್ನೊಂದು ಉಂಡೆ ಕೇಳೋಕೆ ಹೋದೆ. ಆಂಟಿ ಕುಲಾವಿ ನೋಡಿದ್ರು, ನನ್ನ ಮುಖ ನೋಡಿದ್ರು.

"ಮಗುಗೆ ಈಗ ಎಷ್ಟು ತಿಂಗಳೋ? ಇಲ್ಲಾ, ಮದುವೆಗೆ ಹೆಣ್ಣು ನೋಡ್ತಿದಾರಾ?"

ಬೆಟ್ಟದ ಮೇಲೆ

ಬಿಚ್ಚಿ ಚಿಕ್ಕದು ಮಾಡೋಕೆ ಹೊತ್ತಿರ್ಲಿಲ್ಲ. ಬೆಳ್ಳಂಬೆಳಗ್ಗೆ ಬೆಟ್ಟ ಹತ್ತಿದ್ವಿ. ಗಾಳಿ ಅಂದ್ರೆ ಗಾಳಿ, ಕಿವಿ ಕಿತ್ಕೊಂಡು ಹೋಗೋ ಹಾಗೆ. ದೇವಸ್ಥಾನದ ಪಕ್ಕ ಕ್ಷೌರದವರು ಮಣೆ ಹಾಕ್ಕೊಂಡು ರೆಡಿ. ದೊಡ್ಡಪ್ಪನ ಮಗ, ಬ್ಯಾಂಕಿನೋನು, ಇಸ್ತ್ರಿ ಪ್ಯಾಂಟು ಹಾಕ್ಕೊಂಡು ಗಂಭೀರವಾಗಿ ನಿಂತಿದ್ದಾನೆ. ಅಕ್ಕ ಮಗು ಎತ್ಕೊಂಡು ನನ್ನ ಮುಖಾನೇ ನೋಡ್ತಿದ್ದಾಳೆ. ಆ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹುಟ್ಟಿದಾಗಿಂದ ನನ್ನ ಮೇಲೆ ಪಂದ್ಯ ಕಟ್ಟಿದ ಮನುಷ್ಯ ಪ್ರಾಣಿ ಅಂದ್ರೆ ಅವಳೊಬ್ಬಳೇ.

ಅತ್ತೆ ಕೈ ಚಾಚಿದ್ರು. "ಎಲ್ಲಿ, ತೋರ್ಸು."

ಕವರಿಂದ ಕುಲಾವಿ ತೆಗೆದು ಕೊಟ್ಟೆ. ತಿರುಗಿಸಿ ನೋಡಿದ್ರು, ಮಗುಚಿ ನೋಡಿದ್ರು, ಬೋಂಡಾ ಒಂದೊಂದನ್ನೂ ಹಿಸುಕಿದ್ರು. ತಪ್ಪು ಸಿಗ್ಲಿಲ್ಲ. ಅಕ್ಕ ಹುಬ್ಬು ಹಾರಿಸಿದ್ಳು.

"ಹಾಕಿ ನೋಡೋಣ" ಅಂತ ಮಗು ತಲೆ ಮೇಲೆ ಇಟ್ರು. ಕುಲಾವಿ ಹಣೆ ದಾಟ್ತು, ಕಣ್ಣು ದಾಟ್ತು, ಮೂಗು ಗಲ್ಲ ಎಲ್ಲಾ ದಾಟಿ ಹೋಗಿ ಹೆಗಲ ಮೇಲೆ ಕೂತ್ಕೊಂಡ್ತು. ಒಳಗಿಂದ ಮಗು "ಬ್ಬಾ" ಅಂತು.

"ಇದೇನೋ ಇದು, ಕುಲಾವಿನಾ, ಕೋಳಿ ಮುಚ್ಚೋ ಮಂಕ್ರಿನಾ?" ಅಂತ ಅತ್ತೆ ಅದನ್ನ ತೆಗೆದು ಕೈಯಲ್ಲಿ ಹಿಡ್ಕೊಂಡ್ರು.

"ಬೆಳೆಯೋ ಮಗು ಅತ್ತೆ..." ಅಂದೆ. ದನಿ ನಂಗೇ ಕೇಳಿಸ್ಲಿಲ್ಲ. ಅಕ್ಕ ತಲೆ ತಗ್ಗಿಸಿದ್ಳು. ಬ್ಯಾಂಕಿನೋನು ಪ್ಯಾಂಟಿನ ಮಡಿಕೆ ಸರಿಮಾಡ್ಕೊಂಡು ಮಣೆ ಕಡೆ ಹೊರಟ.

ಅಷ್ಟರಲ್ಲಿ ಅಕ್ಕನ ಮಾವ ಬಂದ್ರು. ನಗೋದಕ್ಕೆ ತೆರಿಗೆ ಕಟ್ಟಬೇಕೇನೋ ಅನ್ನೋ ಥರದ ಮನುಷ್ಯ. ಮೊಮ್ಮಗ ಹುಟ್ಟಿದ್ರೆ ತಾನೂ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ರಂತೆ, ಆಗಷ್ಟೇ ತೀರಿಸಿ, ತಣ್ಣೀರು ಸ್ನಾನ ಮಾಡ್ಕೊಂಡು ಬರ್ತಿದ್ರು. ಫಳಫಳ ಬೋಳುತಲೆ, ಹಲ್ಲು ಕಟಕಟ. ಅತ್ತೆ ಕೈಯಲ್ಲಿದ್ದ ಕುಲಾವಿ ಕಂಡಿದ್ದೇ ತಡ, ಯಾರದ್ದು ಏನು ಅಂತ ಕೇಳದೆ ಕಿತ್ಕೊಂಡು ಕಿವಿ ಮುಚ್ಚೋ ಹಾಗೆ ಎಳ್ಕೊಂಡ್ರು. ಅಳತೆ ಕೊಟ್ಟು ಹೆಣೆಸಿದ ಹಾಗೆ ಕೂತ್ಕೊಂಡ್ತು.

"ಆಹಾಹಾ! ಜೀವ ಬಂತು. ಯಾರು ಹಾಕಿದ್ದು ಇದು?"

"ನನ್ನ ತಮ್ಮ, ಮಾವ" ಅಂದ್ಳು ಅಕ್ಕ.

ಅವರು ಹೆಂಡತಿ ಕಡೆ ತಿರುಗಿದ್ರು. "ನೋಡು. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ತಲೆಗೆ ಚಳಿ ಆಗುತ್ತೆ ಅಂತ ಈ ಮನೇಲಿ ಒಬ್ಬರಾದ್ರೂ ಯೋಚ್ನೆ ಮಾಡಿದ್ರಾ?"

"ರೀ, ಅದು ಮಗುಂದು! ತೆಗೀರಿ!"

"ಮಗು ತಲೆ ಮೇಲೆ ಇನ್ನೂ ಕೂದಲಿದೆ. ನಂಗಿಲ್ಲ. ಲೇ ಹುಡುಗ, ಹೋಗಿ ಮಣೆ ಮೇಲೆ ಕೂತ್ಕೋ."

ಕೂತೆ. ತಿಂಗಳುಗಟ್ಟಲೆ ಕಾದಿದ್ದ ತೊಡೆ ಮೇಲೆ ಮಗು ಬಂತು. ಕತ್ತಿ ಕಂಡಿದ್ದೇ ಬೆಟ್ಟ ಬಿರಿಯೋ ಹಾಗೆ ಅಳೋಕೆ ಶುರು ಮಾಡ್ತು. ಅಕ್ಕ ಗಿಲಕಿ ಆಡಿಸಿದ್ಳು, ಬ್ಯಾಂಕಿನೋನು ದೂರದಿಂದ ಗಂಭೀರವಾಗಿ ಚಪ್ಪಾಳೆ ತಟ್ಟಿದ, ಊಹೂಂ. ಕೊನೆಗೆ ಮಾವ ಬಗ್ಗಿ ಮುಖದ ಹತ್ರ ಮುಖ ತಂದ್ರು. ಮಗು ಕಣ್ಣಿಗೆ ಹಳದಿ ಬೋಂಡಾ ಬಿತ್ತು. ಅಳು ನಿಲ್ತು. ಪುಟ್ಟ ಕೈ ಚಾಚಿ ಒಂದು ಬೋಂಡಾನ ಗಟ್ಟಿಯಾಗಿ ಹಿಡ್ಕೊಂಡ್ತು. ಮಾವ ಏಳೋಕೆ ನೋಡಿದ್ರು, ಮಗು ಮತ್ತೆ ಬೆಟ್ಟ ನಡುಗಿಸ್ತು. ಕುಲಾವಿ ಬಿಚ್ಚಿ ಕೊಡೋಣ ಅಂದ್ರೆ ಗಾಳಿ, ಅವರು ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ಆ ದೊಡ್ಡ ಮನುಷ್ಯ ನಿಧಾನಕ್ಕೆ ನೆಲದ ಮೇಲೆ ಕೂತು, ನನ್ನ ಇನ್ನೊಂದು ತೊಡೆ ಮೇಲೆ ತಲೆ ಇಟ್ಕೊಂಡುಬಿಟ್ರು.

ಕ್ಷೌರದವರು ಕತ್ತಿ ಹಿಡ್ಕೊಂಡು ಬಂದು ನಿಂತ್ರು. ಈ ತೊಡೆ ನೋಡಿದ್ರು, ಆ ತೊಡೆ ನೋಡಿದ್ರು.

"ಅಮ್ಮಾ, ಒಂದು ವಿಷ್ಯ ಮೊದ್ಲೇ ಹೇಳ್ಬಿಡಿ. ಈ ಹುಡುಗ ಸೋದರಮಾವ ಆಗಿರೋದು ಮಗೂಗೋ, ಯಜಮಾನ್ರಿಗೋ?"

ಅತ್ತೆ ಅಷ್ಟೊತ್ತಿಂದ ಸೆರಗನ್ನ ಬಾಯಿಗೆ ತುರುಕ್ಕೊಂಡು ನಿಂತಿದ್ರು. ಇನ್ನು ತಡ್ಕೊಳ್ಳೋಕೆ ಆಗದೆ ಸೆರಗು ಉಗಿದು, "ಇಬ್ಬರಿಗೂ ಕಣಪ್ಪಾ, ಇಬ್ಬರಿಗೂ! ಬೇಗ ಬೋಳಿಸು, ಇಲ್ಲಾಂದ್ರೆ ನಾನೂ ನಗ್ತಾ ನಗ್ತಾ ಇವನ ತೊಡೆ ಮೇಲೇ ಬಿದ್ಬಿಡ್ತೀನಿ!" ಅಂದ್ರು.